ಅತ್ತೆಯ ಅಳುವ ಪದಕ್ಕೆ ಊರೇ ಕುಣಿದಾಗ

ಕಳೆದ ಡಿಸೆಂಬರಿನ ಮಾತು. ಯಜಮಾನರಿಗೆ ಬ್ಯಾಂಕಿನಲ್ಲಿ ವರ್ಗವಾಗಿ ನಾವು ನಾಸಿಕ ಬಿಟ್ಟು ಛತ್ರಪತಿ ಸಂಭಾಜಿನಗರಕ್ಕೆ, ಅಂದರೆ ಹಿಂದಿನ ಔರಂಗಾಬಾದಿಗೆ, ಬಂದಿದ್ದೆವು. ಒಂದು ದಿನ ಓಂಕಾರನ ಫೋನು ಬಂತು. ಅವನು ನಾಸಿಕದಲ್ಲಿ ನಮ್ಮ ಪಕ್ಕದ ಮನೆಯ ಮರಾಠಿ ಹುಡುಗ. ಗಣಪತಿ ಮಂಟಪಗಳಲ್ಲಿ ಶುರುವಾದ ಅವನ ಜಾನಪದ ರಾಕ್ ಬ್ಯಾಂಡ್ ಆಗಲೇ ಹೆಸರುವಾಸಿಯಾಗಿತ್ತು.

"ಮಾವಶಿ, ಬ್ಯಾಂಡ್ ನಿಲ್ಲಿಸ್ತಿದ್ದೇವೆ. ಕೊನೆಯ ಕಾರ್ಯಕ್ರಮ ನಿಮ್ಮೂರಲ್ಲೇ. ಆಜೀನ ಕರಕೊಂಡು ಬರಲೇಬೇಕು," ಎಂದು ಮರಾಠಿಯಲ್ಲಿ ಹೇಳಿದ. ಅವನಿಗೆ ನಾನು ಮಾವಶಿ, ಅಂದರೆ ಚಿಕ್ಕಮ್ಮ; ನಮ್ಮತ್ತೆ ಆಜಿ, ಅಂದರೆ ಅಜ್ಜಿ.

ಅತ್ತೆಯನ್ನು ಮನೆಯಲ್ಲೇ ಉಳಿಸಲು ನೆಪ ಹುಡುಕತೊಡಗಿದೆ. ಆ ಬ್ಯಾಂಡಿಗೆ ಹೆಸರು ತಂದ ಹಾಡು ನಮ್ಮತ್ತೆಯದು. ಎಷ್ಟೋ ವರ್ಷಗಳ ಹಿಂದೆ ತಮ್ಮ ಐದು ವರ್ಷದ ಮಗಳು ಗಂಗವ್ವ ಜ್ವರದಿಂದ ತೀರಿಕೊಂಡಾಗ ಅವರು ಕಟ್ಟಿಕೊಂಡು ಅತ್ತ ಪದ. ಅವರು ಗುನುಗುವುದನ್ನು ಕೇಳಿ ಓಂಕಾರ ಒಮ್ಮೆ ಅರ್ಥ ಕೇಳಿದ್ದ. ಅವತ್ತು ಯುಗಾದಿ. ಹಬ್ಬದ ದಿನ ಸತ್ತವರ ಸುದ್ದಿ ಯಾಕೆಂದು ನಾನು "ತೊಟ್ಟಿಲ ಪದ" ಎಂದುಬಿಟ್ಟೆ. ಸಾಲದ್ದಕ್ಕೆ ಕನ್ನಡದ ಸಾಲುಗಳನ್ನು ಮರಾಠಿ ಅಕ್ಷರದಲ್ಲಿ ಬರೆದೂ ಕೊಟ್ಟೆ. ಅವನು ಡೋಲು, ಡ್ರಮ್ಸ್ ಎಲ್ಲ ಸೇರಿಸಿದ. ಈಗ ಇಲ್ಲಿನ ನಾಮಕರಣ, ಮದುವೆಗಳಲ್ಲಿ ಅದೇ ಹಾಡು. ಕಾಲೇಜು ಹುಡುಗರ ಬ್ಯಾಂಡುಗಳೂ ಅದನ್ನೇ ಹಾಡುತ್ತವೆ. ಅತ್ತೆ ಮಾತ್ರ ಕೇಳಿರಲಿಲ್ಲ. ಟಿವಿಯಲ್ಲಿ ಬಂದರೆ ನಾನೇ ಚಾನೆಲ್ ಬದಲಿಸುತ್ತಿದ್ದೆ.

ಗದ್ದಲ, ಮೊಣಕಾಲು ನೋವು ಎಂದು ಏನೇನೋ ನೆಪ ಹೇಳಿದೆ. "ಹುಡುಗ ಅಷ್ಟು ಪ್ರೀತಿಲೆ ಕರದಾನ, ಹೋಗೂಣು ನಡಿ," ಎಂದರು ಅತ್ತೆ.

ಕಾರ್ಯಕ್ರಮದ ಕೊನೆಗೆ ಆ ಹಾಡು ಶುರುವಾಯಿತು. ಮೈದಾನವೇ ಎದ್ದು "ಗಂಗವ್ವಾ, ಗಂಗವ್ವಾ" ಎಂದು ಕುಣಿಯಿತು. ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ತಪ್ಪಾತ್ರಿ ಅತ್ತಿ. ತೊಟ್ಟಿಲ ಪದ ಅಂತ ನಾನೇ ಸುಳ್ಳು ಹೇಳಿದ್ದೆ. ಏಳ್ರಿ, ಮನಿಗೆ ಹೋಗೂಣು," ಎಂದೆ.

ಅವರು ಏಳಲಿಲ್ಲ. ಕಣ್ಣಲ್ಲಿ ನೀರು, ಆದರೆ ಕಾಲು ತಾಳ ಹಾಕುತ್ತಿತ್ತು. ಸಿಟ್ಟೋ ಸಂತೋಷವೋ ನನಗೆ ತಿಳಿಯಲಿಲ್ಲ. ಹಾಡು ಮುಗಿದು ಓಂಕಾರ ಬಂದು ಅತ್ತೆಯ ಕಾಲಿಗೆ ನಮಸ್ಕರಿಸಿದ. ಅವನಿಗೆ ನಿಜ ಹೇಳಲು ನಾನು ಬಾಯಿ ತೆರೆದೆ. ಅತ್ತೆ ನನ್ನ ಕೈ ಅದುಮಿದರು.

ಆಟೋದಲ್ಲಿ, "ಯಾಕ ತಡದ್ರಿ?" ಎಂದು ಕೇಳಿದೆ.

"ಅಕಿ ಹೆಸರು ಕರಿಯಾಕ ನಾ ಒಬ್ಬಾಕಿ ಉಳದಿದ್ದೆ. ನಾ ಹೋದ ಮ್ಯಾಲೆ ಯಾರು ಕರೀತಿದ್ರವ್ವಾ? ಕುಣೀಲಿ ಬಿಡು."

ಆದರೂ ನಾನು ಮಾಡಿದ್ದು ಸರಿಯೋ ತಪ್ಪೋ ಇಂದಿಗೂ ಬಗೆಹರಿದಿಲ್ಲ. ಓಂಕಾರನಿಗೆ ನಿಜ ಹೇಳಿಬಿಡೋಣ ಎಂದು ಎಷ್ಟೋ ಸಲ ಫೋನು ಕೈಗೆತ್ತಿಕೊಳ್ಳುತ್ತೇನೆ. ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆಯ ದನಿ ಕೇಳುತ್ತದೆ. ಆ ಪದವನ್ನು ಅವರೀಗ ಓಂಕಾರನ ಧಾಟಿಯಲ್ಲೇ ಹಾಡುತ್ತಾರೆ.