ಶಬ್ದ ತೆಗೆದು ನೋಡಿದ ವಿಡಿಯೋ

ಅರಬ್ ದೇಶಗಳಲ್ಲಿ ಜನ ಬೀದಿಗಿಳಿದಿದ್ದ ಕಾಲಕ್ಕೆ ನನಗೆ ವೈಟ್‌ಫೀಲ್ಡ್‌ನಲ್ಲಿ ಕೆಲಸ ಸಿಕ್ಕಿತು. ಜನ ಇಂಟರ್ನೆಟ್‌ಗೆ ಹಾಕುವ ವಿಡಿಯೋಗಳನ್ನು ನೋಡಿ, ಇಡಬೇಕೋ ತೆಗೆಯಬೇಕೋ ಎಂದು ತೀರ್ಮಾನಿಸುವ ಕೆಲಸ. ಅರಬ್ಬಿಯಲ್ಲಿ ನನಗೆ ಒಂದಕ್ಷರ ಬಾರದು. ರಕ್ತ ಕಂಡರೆ ತೆಗೆಯುವುದಕ್ಕೆ ಭಾಷೆ ಯಾಕೆ ಬೇಕು ಎಂದು ಮೇಲಿನವರು ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ. ಬೇಗ ಮುಗಿಯಲಿ ಎಂದು ನಾವೆಲ್ಲ ಶಬ್ದ ತೆಗೆದೇ ನೋಡುತ್ತಿದ್ದೆವು. ಅದರಲ್ಲಿ ನಾನೇ ಎಲ್ಲರಿಗಿಂತ ಚುರುಕು ಎಂಬ ಜಂಬ ಬೇರೆ. ಅವಸರವೇ ಅಪಘಾತಕ್ಕೆ ಕಾರಣ ಎಂದು ಲಾರಿಗಳ ಹಿಂದೆ ಬರೆದಿರುವುದನ್ನು ದಿನಾ ಓದಿಕೊಂಡೇ ಆಫೀಸಿಗೆ ಹೋಗುತ್ತಿದ್ದವಳು ನಾನು.

ಅರಬ್ಬಿ ಬರುತ್ತಿದ್ದುದು ಪಕ್ಕದ ಕುರ್ಚಿಯ ಹಿರಿಯ ಹೆಂಗಸಿಗೆ. ಗಂಡನ ಜೊತೆ ಹದಿನೈದು ವರ್ಷ ಗಲ್ಫ್‌ನಲ್ಲಿದ್ದು ಬಂದವರು. ಅಕ್ಕ ಎಂಬ ಅರ್ಥದಲ್ಲಿ ಎಲ್ಲರೂ ಅವರನ್ನು ಆಪಾ ಎನ್ನುತ್ತಿದ್ದೆವು. ನಾವು ತೆಗೆದದ್ದರ ಬಗ್ಗೆ ಯಾರಾದರೂ ದೂರು ಕೊಟ್ಟರೆ ಮತ್ತೆ ನೋಡುವುದು ಅವರ ಪಾಲು. ಒಂದು ಮಧ್ಯಾಹ್ನ ಊಟಕ್ಕೆ ಏಳುವಾಗ ಅವರು ತಮ್ಮ ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿದರು. ಬೆಳಿಗ್ಗೆ ನಾನೇ ತೆಗೆದಿದ್ದ ವಿಡಿಯೋ. ರಸ್ತೆಯಲ್ಲಿ ಬಿದ್ದ ಯುವಕ, ಮುಖವೆಲ್ಲ ರಕ್ತ. ಅವನ ಗುರುತಿನ ಚೀಟಿಯನ್ನು ಕ್ಯಾಮೆರಾಕ್ಕೆ ಹಿಡಿದು ಒಬ್ಬಾತ ಏನೋ ಕೂಗುತ್ತಿದ್ದ.

"ಏನಂತಿದಾನೆ ಆಪಾ?"

"ಇವನು ಬದುಕಿದಾನೆ, ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದೀವಿ, ಮನೆ ಗೊತ್ತಿರೋರು ಇವನ ತಾಯಿಗೆ ಹೇಳಿ ಅಂತಿದಾನಮ್ಮ. ಆಸ್ಪತ್ರೆ ಹೆಸರೂ ಹೇಳ್ತಿದಾನೆ."

ಅಲ್ಲಿನ ಸರ್ಕಾರಿ ಟಿವಿಯಲ್ಲಿ ಇಡೀ ದಿನ ಅಡುಗೆ, ಹಾಡು ಬಿಟ್ಟರೆ ಬೇರೇನೂ ಬರುವುದಿಲ್ಲ ಎಂದು ಆಪಾ ಹೇಳುತ್ತಿದ್ದರು. ಬೀದಿಯ ಸುದ್ದಿ ಮನೆಗೆ ಮುಟ್ಟುತ್ತಿದ್ದುದು ಇಂಥ ಅಲುಗಾಡುವ ವಿಡಿಯೋಗಳಿಂದಲೇ.

ತೆಗೆದ ವಿಡಿಯೋವನ್ನು ಮತ್ತೆ ಹಾಕಬೇಕಾದರೆ ತೆಗೆದವರೇ ತಪ್ಪೊಪ್ಪಿ ಬರೆಯಬೇಕು. ಆ ವಾರವೇ ನನ್ನ ಕೆಲಸ ಖಾಯಂ ಆಗುವುದಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಮೊದಲು ನೆನಪಾದದ್ದು ಆ ತಾಯಿಯಲ್ಲ, ನನ್ನ ಖಾಯಂ ಪತ್ರ. ಸೋಮವಾರ ಬರೆದರೆ ಆಗದೇ ಎಂದು ಕೇಳಿಯೂಬಿಟ್ಟೆ.

ಆಪಾ ಬೈಯಲಿಲ್ಲ. "ಸೋಮವಾರದ ತನಕ ಆ ತಾಯಿ ಎಷ್ಟು ಆಸ್ಪತ್ರೆ ಸುತ್ತಬೇಕಮ್ಮ? ನೀನು ಬರೀ. ಕೆಳಗೆ ನಾನೂ ಬರೀತೀನಿ. ಅರಬ್ಬಿ ಬರೋಳು ಪಕ್ಕದಲ್ಲೇ ಕೂತಿದ್ರೂ ಇವಳಿಗೆ ಹೇಳ್ಕೊಡ್ಲಿಲ್ಲ, ನಂದೂ ತಪ್ಪು ಅಂತ."

ಬರೆದೆ. ನಾನು ಖಾಯಂ ಆಗುವುದು ಮೂರು ತಿಂಗಳು ಮುಂದೆ ಹೋಯಿತು. ತಮ್ಮದಲ್ಲದ ತಪ್ಪಿಗೆ ಆಪಾ ಕೂಡ ಮೇಲಿನವರಿಂದ ಮಾತು ಕೇಳಿದರು. ಕೇಳಿಸಿಕೊಂಡು ಬಂದು, ಕುಂದಲಹಳ್ಳಿಯ ಮನೆಯಿಂದ ತಂದಿದ್ದ ಚಪಾತಿಯಲ್ಲಿ ಅರ್ಧ ನನ್ನ ತಟ್ಟೆಗೆ ಹಾಕಿದರು. ಹೆತ್ತವರು ನನ್ನನ್ನು ಸಾಕಿದರು; ಮನುಷ್ಯಳನ್ನಾಗಿ ಮಾಡಿದವರು ಆಪಾ. ಅವರ ಋಣ ಈ ಜನ್ಮದಲ್ಲಿ ತೀರುವಂಥದ್ದಲ್ಲ.

ಇದೆಲ್ಲ ಆಮೇಲಿನ ಮಾತು. ಬರೆದ ಮರುದಿನ ಬೆಳಿಗ್ಗೆ, ಮತ್ತೆ ಹಾಕಿದ್ದ ಆ ವಿಡಿಯೋದ ಕೆಳಗೆ ಯಾರೋ ಒಂದು ಸಾಲು ಹಾಕಿದ್ದರು. ಆಪಾ ಅದನ್ನು ಮೊದಲು ತಾವೇ ಎರಡು ಸಲ ಓದಿಕೊಂಡರು. ಆಮೇಲೆ ನನ್ನ ಕೈ ಹಿಡಿದು ಕನ್ನಡದಲ್ಲಿ ಹೇಳಿದರು:

"ಅವನ ಅಮ್ಮ ಪಕ್ಕದಲ್ಲೇ ಕೂತಿದಾರಂತೆ. ಈಗ ನೀರು ಕೇಳಿ ಕುಡಿದ್ನಂತೆ."