ಯಾರನ್ನೂ ನಂಬದ ಪಾಲಿಯ ಹಿಮಬಂಡಿ ಶೆಡ್ಡು

ಬೆಳಗಿನ ಏಳು ಗಂಟೆ. ಕೂಟ್ನಿ ಬೆಟ್ಟಗಳ ಹಿಂದೆ ಆಗಷ್ಟೇ ಬೆಳಕು ಹರಿಯುತ್ತಿದೆ. ಕಾಸ್ಪರ್ ಕ್ರೀಕ್ ಊರಿನ ಕೊನೆಯ ತಗಡಿನ ಶೆಡ್ಡಿನಲ್ಲಿ ಅರವತ್ತೊಂದು ವರ್ಷದ ಪಾಲಿ ಸ್ಟ್ರೆಲಾಯೆಫ್ ಮೊಣಕಾಲೂರಿ ಕೂತು ಸ್ನೋಮೊಬೈಲ್ ಎಂಬ ಹಿಮಬಂಡಿಯೊಂದರ ಎಂಜಿನ್ನಿಗೆ ಕಿವಿಗೊಟ್ಟಿದ್ದಾರೆ. ಎಂಜಿನ್ ಓಡುತ್ತಿಲ್ಲ. ಗಾಳಿ ಎಳೆಯುವ ಬಾಯಿಗೂ ಹೊಗೆ ಕೊಳವೆಗೂ ಬಿರಡೆ ಜಡಿದು, ಕೈಪಂಪಿನಿಂದ ಒಳಗೆ ಗಾಳಿ ತುಂಬಿದ್ದಾರೆ. ಅದು ಎಲ್ಲೋ ಸೋರುತ್ತಿದೆ ಎಂಬುದು ಅವರ ಗುಮಾನಿ.

ಬಂಡಿಯ ಒಡೆಯ ಟ್ರೆಂಟ್ ಆಸ್ಟರ್‌ಹೌಟ್ ಕ್ಯಾಲ್ಗರಿಯವನು, ಹಲ್ಲಿನ ಸೆಟ್ಟು ತಯಾರಿಸುವ ಕೆಲಸದವನು. ಹೊಸದಾಗಿ ಬಿದ್ದ ಪುಡಿ ಹಿಮದಲ್ಲಿ ಬಂಡಿಗೆ ಪಿಕಪ್ ಇಲ್ಲ, ಹೊರಡುವಾಗಲೇ ಉಸಿರು ಕಟ್ಟಿದಂತಾಡುತ್ತದೆ, ಕ್ಲಚ್ಚಿಗೆ ಹಗುರ ತೂಕ ಹಾಕಿಕೊಡಿ ಎಂದು ಬಂದಿದ್ದಾನೆ. ಹತ್ತು ಗಂಟೆಗೆ ಗೆಳೆಯರೊಂದಿಗೆ ಬೆಟ್ಟ ಹತ್ತಬೇಕು. ಪಾಲಿ ನೋಡಿದರೆ ಇಡೀ ಎಂಜಿನ್ನನ್ನೇ ಬಯಲಿಗೆಳೆದಿದ್ದಾರೆ.

"ಕೇಳಿದ್ದಷ್ಟು ಮಾಡಿದ್ರೆ ಸಾಕಲ್ವಾ ಮೇಡಂ?" ಅವನ ದನಿಯಲ್ಲಿ ಅನುಮಾನ.

"ನೀನು ಹೇಳಿದ್ದು ನಿಂಗೆ ಅನ್ಸಿದ್ದು ತಮ್ಮಾ. ಬಂಡಿ ಏನು ಹೇಳುತ್ತೋ ಕೇಳೋಣ, ಇರು."

ಸಾಬೂನು ನೀರು ಚಿಮುಕಿಸುತ್ತಾರೆ. ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಕೊಳವೆಯ ಅಡಿಯಲ್ಲಿ ಗುಳ್ಳೆಗಳು ಏಳತೊಡಗುತ್ತವೆ. ಟ್ರೆಂಟ್ ಗುಳ್ಳೆ ನೋಡುವುದಿಲ್ಲ, ಪಾಲಿಯ ಕೈ ನೋಡುತ್ತಾನೆ. ತಾನು ತಂದಾಗ ಇದು ಹರಿದಿತ್ತೇ ಎಂದು ಕೇಳಿಯೂ ಬಿಡುತ್ತಾನೆ. ಪಾಲಿಗೆ ಬೇಸರವಿಲ್ಲ. ಟಾರ್ಚನ್ನು ಅವನ ಕೈಗಿಟ್ಟು, ರಬ್ಬರನ್ನು ಅವನ ಹೆಬ್ಬೆರಳಿನಿಂದಲೇ ಬಗ್ಗಿಸುತ್ತಾರೆ. "ಈಗ ಹರಿದಿದ್ರೆ ಒಳಗೆ ಚೊಕ್ಕ ಇರ್ತಿತ್ತು. ಎಣ್ಣೆ ಜಿಡ್ಡು ಕೂತಿದೆ ನೋಡು. ಹೋದ ವರ್ಷದ್ದೇ ಇರ್ಬೇಕು. ಇಲ್ಲಿಂದ ಜಾಸ್ತಿ ಗಾಳಿ ನುಗ್ಗಿದ್ರೆ ಎಂಜಿನ್ ಕಾದು ಎಲ್ಲೆಂದ್ರಲ್ಲಿ ನಿಂತ್ಬಿಡುತ್ತೆ."

ಅವನು ಬಹಳ ಹೊತ್ತು ನೋಡುತ್ತಾನೆ. ಆಮೇಲೆ ಆಚೆ ಹೋಗಿ, ಇವತ್ತು ತಾನು ಬರುವುದಿಲ್ಲವೆಂದು ಗೆಳೆಯರಿಗೆ ಫೋನು ಮಾಡುತ್ತಾನೆ.

ಪಾಲಿ ಹುಟ್ಟಿದ್ದು ರಷ್ಯಾದಿಂದ ಬಂದು ಈ ಕಣಿವೆಯಲ್ಲಿ ನೆಲೆಸಿದ ದುಖೊಬೊರ್ ಎಂಬ ಧಾರ್ಮಿಕ ಪಂಗಡದ ಮನೆತನದಲ್ಲಿ. ಅಪ್ಪ ಮರದ ಮಿಲ್ಲಿನಲ್ಲಿದ್ದವರು. ಮರ ಕಡಿಯುವವರ ಕ್ಯಾಂಪಿನಲ್ಲಿ ಅಡುಗೆಗೆಂದು ಸೇರಿದ ಪಾಲಿ, ಬೋರ್ಷ್ಟ್ ಸಾರು ಕುದಿಯುವ ಹೊತ್ತಿನಲ್ಲಿ ಕೆಟ್ಟ ಗರಗಸಗಳನ್ನು ಬಿಚ್ಚಿ ಕೂರುತ್ತಿದ್ದರು. ಹಿಮಬಂಡಿಗೆ ಕೈ ಹಾಕಿ ಇಪ್ಪತ್ತಾರು ವರ್ಷ. ನವೆಂಬರಿನಿಂದ ಏಪ್ರಿಲ್‌ವರೆಗೆ ಅರವತ್ತಕ್ಕೂ ಹೆಚ್ಚು ಬಂಡಿಗಳು ಈ ಶೆಡ್ಡು ಹಾಯುತ್ತವೆ. ಬೇರೆಯವರು ಅರ್ಧ ದಿನದಲ್ಲಿ ಮುಗಿಸುವುದಕ್ಕೆ ಇವರಿಗೆ ಎರಡು ದಿನ ಬೇಕು.

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಎಂಜಿನ್ ಸೊರಗುತ್ತದೆ. ಅದಕ್ಕೇ ಕ್ಲಚ್ಚಿನ ತೂಕಗಳನ್ನು ಗ್ರಾಂ ಲೆಕ್ಕದಲ್ಲಿ ಇಳಿಸಿ, ಸ್ಪ್ರಿಂಗು ಬಿಗಿ ಮಾಡಿ, ಹಲ್ಲುಚಕ್ರ ಚಿಕ್ಕದು ಮಾಡುತ್ತಾರೆ. ಅಡಿಯ ಪಟ್ಟಿಗೆ ದೋಣಿಯ ಹುಟ್ಟಿನಂಥ ಮೂರಂಗುಲದ ರಬ್ಬರ್ ಹಲ್ಲುಗಳು ಬೇಕು. ಇಲ್ಲದಿದ್ದರೆ ಬಂಡಿ ಪುಡಿ ಹಿಮದ ಮೇಲೆ ತೇಲುವುದಿಲ್ಲ, ತನಗೆ ತಾನೇ ಗುಂಡಿ ತೋಡಿಕೊಳ್ಳುತ್ತದೆ. ಹೊಸ ಸ್ಪ್ರಿಂಗು ಬಂದರೆ ಡಬ್ಬಿಯ ಮೇಲೆ ಬರೆದದ್ದನ್ನು ನಂಬದೆ ತಾವೇ ಒತ್ತಿ ಅಳೆಯುತ್ತಾರೆ. ಮಾತನಾಡಿಸಲು ಹೋದ ಪತ್ರಿಕೆಯವರ ಗುರುತಿನ ಚೀಟಿಯನ್ನೂ ಹಿಂದೆ ಮುಂದೆ ತಿರುಗಿಸಿ ನೋಡಿಯೇ ಕುರ್ಚಿ ಕೊಡುತ್ತಾರೆ.

ಮೊದಲು ಹೀಗಿರಲಿಲ್ಲ. ಐದು ವರ್ಷದ ಹಿಂದೆ ಗಾರ್ಡ್ ಹ್ಯಾಲ್ಡೇನ್ ಎಂಬ ಊರವನೇ ತನ್ನ ಬಂಡಿ ತಂದಿದ್ದ. ಪಿಕಪ್ ಇಲ್ಲ, ಕ್ಲಚ್ಚು ಮಾತ್ರ ನೋಡು, ಬೇರೆಲ್ಲ ಸರಿಯಿದೆ ಅಂದಿದ್ದ. ಇಪ್ಪತ್ತು ವರ್ಷದ ಪರಿಚಯ. ಪಾಲಿ ಕ್ಲಚ್ಚು ಮಾತ್ರ ನೋಡಿದರು. ಬಂಡಿ ಚಿಗರೆಯ ಹಾಗೆ ನೆಗೆಯಿತು. ಮೂರು ವಾರದ ನಂತರ ಬೆಟ್ಟದ ಇಳಿಜಾರಿನ ನಡುವೆ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಮೇಲಿನಿಂದ ಹಿಮ ಕುಸಿಯಿತು. ಅವನ ಹೆಣ ಮರುದಿನ ಸಿಕ್ಕಿತು, ಬಂಡಿ ಸಿಗಲಿಲ್ಲ.

ಪಾಲಿಯ ಕ್ಲಚ್ಚೇ ಕೈಕೊಟ್ಟಿತು ಎಂದು ಊರು ಮಾತಾಡಿಕೊಂಡಿತು. ಗಾರ್ಡ್‌ನ ಅಣ್ಣ ರೇ ಅದನ್ನು ಹೋಟೆಲಿನಲ್ಲಿ ಎಲ್ಲರೆದುರು ಹೇಳಿದ. ಆ ಚಳಿಗಾಲದ ಉಳಿದ ತಿಂಗಳುಗಳಲ್ಲಿ ಶೆಡ್ಡಿಗೆ ಬಂದದ್ದು ಒಂಬತ್ತೇ ಬಂಡಿ. ಆದರೆ ಜನರ ಅನುಮಾನಕ್ಕಿಂತ ಹೆಚ್ಚಾಗಿ ಪಾಲಿಯನ್ನು ತಿಂದದ್ದು ತಮ್ಮ ಕೈಯ ಮೇಲಿನ ಅನುಮಾನ. ಯಾವ ತೂಕ ಹಾಕಿದೆ, ಯಾವ ಬೋಲ್ಟು ಬಿಟ್ಟೆ ಎಂದು ಅದನ್ನೇ ನೆನೆಯುತ್ತಿದ್ದರು.

ಆ ಚಳಿಗಾಲ ಕಳೆದ ಮೇಲಿನ ಜೂನಿನಲ್ಲಿ ಹಿಮ ಕರಗಿ ಬಂಡಿ ಹೊರಬಿತ್ತು. ಪಾಲಿ ಒಬ್ಬರೇ ಹೋಗಲಿಲ್ಲ. ರೇ ಮನೆಗೆ ಹೋಗಿ, ತಮ್ಮ ಜೊತೆ ಬಂದು ಪ್ರತಿ ಬೋಲ್ಟೂ ಬಿಚ್ಚುವುದನ್ನು ನೋಡಬೇಕೆಂದು ಕೇಳಿದರು. ಇಬ್ಬರೂ ನಾಲ್ಕು ತಾಸು ಬೆಟ್ಟ ಹತ್ತಿದರು. ಕ್ಲಚ್ಚು ಬಿಚ್ಚಿದರೆ ತೂಕ, ಸ್ಪ್ರಿಂಗು, ಬೆಲ್ಟು ಎಲ್ಲ ಇದ್ದ ಹಾಗೇ ಇತ್ತು. ಅಲ್ಲಿಗೇ ನಿಲ್ಲಿಸಿದ್ದರೆ ಪಾಲಿ ಗೆದ್ದಂತೆ. ರೇ ಆಗಲೇ ಎದ್ದು ನಿಂತಿದ್ದ. ಪಾಲಿ ಮಾತ್ರ ಕೈ ಬಿಡದೆ ಇನ್ನೂ ಒಳಗೆ ಹೋದರು. ಗಾಳಿಯ ರಬ್ಬರ್ ಕೊಳವೆ ಅಡಿಯಲ್ಲಿ ಸೀಳಿತ್ತು. ಸೀಳಿನೊಳಗೆ ಹಳೆಯ ಜಿಡ್ಡು.

"ಇದು ನಾನು ಮಾಡಿದ್ದಲ್ಲ ರೇ," ಎಂದರಂತೆ. "ಆದ್ರೆ ನಾನು ನೋಡ್ಬೇಕಿತ್ತು. ಹಗುರ ತೂಕ ಹಾಕಿ ರೋಗ ಮುಚ್ಬಿಟ್ಟೆ. ಅವನ ಮಾತು ನಂಬಿದೆ."

ರೇ ಇಳಿಯುವಾಗ ಪಾಲಿಯ ಉಪಕರಣದ ಚೀಲವನ್ನು ತಾನೇ ಹೊತ್ತುಕೊಂಡ. ಸೀಳಿನ ಸಂಗತಿಯನ್ನು ಊರಿಗೆ ಹೇಳಿದವನೂ ಅವನೇ. ಒಂದೊಂದಾಗಿ ಬಂಡಿಗಳು ಮರಳಿ ಬರತೊಡಗಿದವು. ಈಗ ಪ್ರತಿ ನವೆಂಬರಿನಲ್ಲಿ ರೇ ತನ್ನ ಬಂಡಿಯನ್ನೂ ತರುತ್ತಾನೆ. ಕೆಲಸ ಮುಗಿಯುವವರೆಗೂ ಪಕ್ಕದಲ್ಲೇ ನಿಂತು ಕಣ್ಣಿಟ್ಟಿರುತ್ತಾನೆ, ಬೋಲ್ಟು ಬಿಗಿದ ಮೇಲೆ ತಾನೂ ಒಮ್ಮೆ ತಿರುಗಿಸಿ ನೋಡುತ್ತಾನೆ. ಇದರಿಂದ ಕಿರಿಕಿರಿಯಾಗುವುದಿಲ್ಲವೇ ಎಂದರೆ ಪಾಲಿ ಇಲ್ಲವೆಂದು ತಲೆಯಾಡಿಸುತ್ತಾರೆ. "ಅವನು ನನ್ನ ನಂಬಲ್ಲ. ನಂಬದೇ ಇರೋನು ಒಬ್ಬ ಎದುರಿಗಿದ್ರೆ ಕೆಲಸ ಚೆನ್ನಾಗಾಗುತ್ತೆ."

ಆಸೆ ಏನಾದರೂ ಇದೆಯೇ ಎಂಬ ಪ್ರಶ್ನೆಗೆ, ಇದನ್ನೆಲ್ಲ ಯಾಕೆ ಕೇಳುತ್ತಿದ್ದಾರೆ ಎಂಬಂತೆ ಮೊದಲು ಹುಬ್ಬೇರಿಸುತ್ತಾರೆ. ಆಮೇಲೆ ಕೈಯ ಗ್ರೀಸು ಒರೆಸಿಕೊಳ್ಳುತ್ತಾರೆ.

"ಮಾಡಿಕೊಟ್ಟ ಬಂಡಿ ಅಷ್ಟೂ ಏಪ್ರಿಲ್‌ನಲ್ಲಿ ಈ ಬಾಗಿಲಿಗೆ ವಾಪಸ್ ಬರ್ಬೇಕು. ಸರಿಯಾಗಿಲ್ಲ ಅಂತ ಬೈಯೋಕೇ ಬರ್ಲಿ, ಪರ್ವಾಗಿಲ್ಲ. ಓಡಿಸಿದೋನೇ ಬಂದು ಬೈಬೇಕು, ಅಷ್ಟೇ."