ಹೂವಿನ ಮರಕ್ಕೆ ಅತ್ತವರು

ಅಪಘಾತವಾಗಿ ಎರಡು ಮೂರು ದಿನ ಕಳೆದು ನಾನು ಆ ಉದ್ಯಾನದ ದಾರಿಯಾಗಿ ಹೋದಾಗ, ಕಡಿದ ಮರದ ಬುಡದಲ್ಲಿ ಜನ ಹೂಗುಚ್ಛ ಇಟ್ಟಿದ್ದರು. ಅಕ್ಕಿಮದ್ಯದ ಪುಟ್ಟ ಬಾಟಲಿಗಳೂ ಇದ್ದವು. ಒಬ್ಬ ಮುದುಕ ಟೋಪಿ ತೆಗೆದು ಬಾಗಿ ನಿಂತಿದ್ದ. ಅವನ ಕಣ್ಣು ಒದ್ದೆಯಾಗಿತ್ತು. ಆಸ್ಪತ್ರೆಯಲ್ಲಿದ್ದ ಪ್ರಮೀಳಕ್ಕನಿಗಾಗಿ ಇಷ್ಟು ಜನ ಬಂದರಲ್ಲ ಎಂದುಕೊಂಡೆ. ಹತ್ತಿರ ಹೋಗಿ ಅಲ್ಲಿದ್ದ ಕಾರ್ಡುಗಳನ್ನು ಓದಿದೆ. ಹೆಚ್ಚಿನವುಗಳಲ್ಲಿ ಒಂದೇ ಮಾತು: ‘ಒತ್ಸುಕಾರೆಸಾಮಾ’. ಕೆಲಸ ಮುಗಿಸಿ ಹೊರಟವರಿಗೆ ಜಪಾನಿನಲ್ಲಿ ಹೇಳುವ ಮಾತು ಅದು, ದುಡಿದು ದಣಿದಿರಿ ಎಂದು. ಅವರು ಅದನ್ನು ಮರಕ್ಕೆ ಹೇಳುತ್ತಿದ್ದರು.

ನಾನು ಬಿಜೂರಿನವಳು. ಕುಂದಾಪುರದಲ್ಲಿ ಬಿ.ಎಸ್ಸಿ. ಮುಗಿಸಿ, ಜಪಾನಿ ಭಾಷೆಯ ಪರೀಕ್ಷೆ ಬರೆದು, ಅಲ್ಲಿನ ಒಂದು ಸಣ್ಣ ಪಟ್ಟಣದ ವೃದ್ಧಾಶ್ರಮಕ್ಕೆ ಆರೈಕೆಯ ಕೆಲಸಕ್ಕೆ ಹೋದೆ. ಸಾಲಿಗ್ರಾಮದ ಪ್ರಮೀಳಕ್ಕ ನನಗಿಂತ ಒಂದು ವರ್ಷ ಮೊದಲು ಹೋಗಿದ್ದಳು. ಇಬ್ಬರಿಗೂ ಸೇರಿ ಒಂದೇ ಕೋಣೆ, ನೆಲಕ್ಕೆ ತತಾಮಿ ಎಂಬ ಹುಲ್ಲಿನ ಚಾಪೆ. ಅಲ್ಲಿಯವರು ಹಸಿ ಮೀನನ್ನೇ ತಿನ್ನುತ್ತಾರೆ, ಆದರೆ ನಾವು ಒಣಮೀನು ಹುರಿದರೆ ಕೆಳಗಿನ ಮನೆಯವರು ಚಾವಣಿ ಬಡಿಯುತ್ತಿದ್ದರು. ಪ್ರಮೀಳಕ್ಕ ಕಸ ಗುಡಿಸುವ ಹಿಡಿಸೂಡಿಯ ಬುಡದಿಂದ ನೆಲಕ್ಕೆ ಎರಡು ಏಟು ತಿರುಗಿ ಕೊಡುತ್ತಿದ್ದಳು. ಅವಳಿಲ್ಲದಿದ್ದರೆ ಮೊದಲ ಚಳಿಗಾಲದಲ್ಲೇ ನಾನು ಊರಿಗೆ ಓಡಿ ಬರುತ್ತಿದ್ದೆ.

ಇನ್ನು ಸಕುರಾ, ಅಂದರೆ ಚೆರ್ರಿ ಹೂವು. ಹಿಂದೆ ಬೆಟ್ಟದ ಕಾಡುಚೆರ್ರಿ ಅರಳಿದರೆ ಗದ್ದೆಯ ದೈವ ಕೆಳಗಿಳಿದು ಬಂತೆಂದು ನಂಬಿ ಅಲ್ಲಿನ ರೈತರು ಬಿತ್ತನೆಗೆ ಇಳಿಯುತ್ತಿದ್ದರಂತೆ. ನಮ್ಮಲ್ಲಿ ಗೇರು ಹೂ ಬಿಟ್ಟರೆ ಮೋಡ ಕವಿದು ಕರಟೀತೆಂಬ ಚಿಂತೆಯೇ ಹೊರತು, ಅದರಡಿ ಚಾಪೆ ಹಾಸಿ ಯಾರೂ ಕೂರುವುದಿಲ್ಲ. ಈಗ ಅಲ್ಲಿ ಊರೂರಿನ ಉದ್ಯಾನಗಳಲ್ಲಿ ಇರುವುದು ಆ ಕಾಡುಮರವಲ್ಲ. ಹಳೆಯ ರಾಜಧಾನಿಯ ಅಂಚಿನಲ್ಲಿದ್ದ ತೋಟಗಾರರ ಹಳ್ಳಿಯಿಂದ ಹಬ್ಬಿದ ತಳಿ ಇದು. ಬೀಜ ಹಾಕಿದರೆ ಇದೇ ಮರ ಹುಟ್ಟುವುದಿಲ್ಲ, ಕಸಿ ಕಟ್ಟಬೇಕು. ಹಾಗಾಗಿ ದೇಶದ ತುಂಬ ಇರುವುದು ಒಂದೇ ಮರದ ತುಂಡುಗಳು. ಒಂದೂರಿನವೆಲ್ಲ ಒಟ್ಟಿಗೆ ಅರಳಿ ಒಟ್ಟಿಗೆ ಉದುರುತ್ತವೆ. ಉದುರುವುದಕ್ಕೇ ಅದಕ್ಕೆ ಇಷ್ಟು ಮರ್ಯಾದೆ. ಯುದ್ಧದಲ್ಲಿ ಸುಟ್ಟ ಊರುಗಳಲ್ಲಿ ಅದು ಮುಗಿದ ಮೇಲೆ ಸಾಲುಸಾಲಾಗಿ ನೆಟ್ಟವು ಈಗ ಒಟ್ಟಿಗೇ ಮುದಿಯಾಗಿ ಒಳಗಿಂದ ಟೊಳ್ಳಾಗುತ್ತಿವೆ. ಈ ಕೊನೆಯ ಮಾತು ನನಗೆ ಆಮೇಲೆ ತಿಳಿದದ್ದು.

ಆಶ್ರಮದವರು ಪ್ರತಿ ವರ್ಷ ಅಜ್ಜಿಯರನ್ನು ‘ಹನಾಮಿ’ಗೆ, ಅಂದರೆ ಹೂ ನೋಡಲು, ಕರೆದೊಯ್ಯುತ್ತಾರೆ. ನನ್ನ ಪಾಲಿಗೆ ಬಂದವಳು ತೊಂಬತ್ತು ದಾಟಿದ ಫುಮಿ ಅಜ್ಜಿ. ಬರುವುದಿಲ್ಲವೆಂದು ಗಾಲಿಕುರ್ಚಿಯ ಹಿಡಿ ಬಡಿದಳು. “ಪ್ರತಿ ವರ್ಷ ಹೀಗೇ, ಅಲ್ಲಿಗೆ ಹೋದರೆ ಸರಿಯಾಗುತ್ತಾಳೆ,” ಎಂದು ಮೇಲ್ವಿಚಾರಕಿ ನಕ್ಕಳು. ಅಜ್ಜಿಯ ಮನೆಯವರಿಗೆ ಕಳಿಸಲು ಆಶ್ರಮಕ್ಕೆ ಹೂವಿನಡಿಯ ಫೋಟೊ ಬೇಕಿತ್ತು.

ದೊಡ್ಡ ಮರವೊಂದರ ಕೆಳಗೆ ನೀಲಿ ಟಾರ್ಪಾಲು ಹಾಸುವ ಮೊದಲು ಪ್ರಮೀಳಕ್ಕ ತಲೆಯೆತ್ತಿ ನೋಡಿದಳು. ತೆಂಗಿನಡಿ ಬೆಳೆದ ನಮ್ಮ ಕಡೆಯವರು ಕಾಯಿಯೋ ಒಣಗರಿಯೋ ಬಿದ್ದೀತೇ ಎಂದು ನೋಡದೆ ಯಾವ ಮರದಡಿಯೂ ಕೂರುವುದಿಲ್ಲ.

“ಕಾಯಿಯೂ ಇಲ್ಲೆ, ಮಡ್ಲೂ ಇಲ್ಲೆ,” ಎಂದಳು. “ಹೂಂಗ್ ಬಿದ್ರೆ ಮಂಡೆ ಒಡಿತ್ತಾ? ಕೂಕೊ ಹೆಣೆ.”

ಫುಮಿ ಅಜ್ಜಿ ಮಾತ್ರ “ಇಲ್ಲಿ ಬೇಡ, ಆಚೆ” ಎಂದು ಒಂದೇ ಹಟ. ಫೋಟೊ ತೆಗೆದದ್ದೇ ನಾನು ಕುರ್ಚಿಯನ್ನು ಶೌಚಾಲಯದ ಗೋಡೆಯ ಕಡೆಗೆ ದೂಡಿದೆ. ಹೂ ಕಾಣದ ಜಾಗ ಅದೊಂದೇ ಇತ್ತು.

“ನಿನ್ ಅಜ್ಜಿಗೆ ಕಕ್ಕಸಿನ್ ಬದಿಯೇ ಚೆಂದ ಕಾಂತ್,” ಎಂದು ಪ್ರಮೀಳಕ್ಕ ಹಿಂದಿನಿಂದ ಕೂಗಿದಳು. “ಹೋಗ್ ಹೋಗ್. ನಿನ್ ಪಾಲಿನ್ ಮೋಚಿ ನಾ ತಿಂತೆ.” ಮೋಚಿ ಎಂದರೆ ಅಕ್ಕಿಹಿಟ್ಟಿನ ಸಿಹಿ ಉಂಡೆ. ಆ ದಿನಗಳಲ್ಲಿ ಅದನ್ನು ಚೆರ್ರಿಯ ಎಲೆಯಲ್ಲಿ ಸುತ್ತಿ ಕೊಡುತ್ತಾರೆ.

ಗೋಡೆಯ ಬದಿಯಲ್ಲಿ ಫುಮಿ ಅಜ್ಜಿ ತಾನಾಗಿ ಮಾತು ತೆಗೆದಳು. ಶಾಲೆಯ ಹುಡುಗಿಯಾಗಿದ್ದಾಗ, ಯುದ್ಧದ ಕೊನೆಗೆ, ಸಾಯಲೆಂದೇ ವಿಮಾನ ಹತ್ತಿದ ಹುಡುಗರನ್ನು ಕಳಿಸಿಕೊಡಲು ಶಾಲೆಯ ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರಂತೆ, ಕೈಗೊಂದು ಹೂವಿನ ಕೊಂಬೆ ಕೊಟ್ಟು. ಸಕುರಾದ ಹಾಗೆ ಚೆಂದವಾಗಿ ಉದುರಿ ಎಂದು ಆ ಹುಡುಗರಿಗೆ ಕಲಿಸಿತ್ತಂತೆ ಸರ್ಕಾರ. “ಬೀಸಿ ಎಂದರು, ಬೀಸಿದೆವು,” ಎಂದಳು. “ಅವರಲ್ಲೊಬ್ಬ ಅಳುತ್ತಿದ್ದ. ಅವನಿಗೂ ಬೀಸಿದೆವು.”

ಆಗ ಸದ್ದಾಯಿತು. ಅದನ್ನು ನಾನು ಈಗಲೂ ದಿನಕ್ಕೆ ಎಷ್ಟೋ ಸಲ ಕೇಳುತ್ತೇನೆ, ಬಸ್ಸಿನ ಬಾಗಿಲು ಮುಚ್ಚಿದರೂ ಸಾಕು. ದೊಡ್ಡ ಸದ್ದೇನಲ್ಲ. ಒದ್ದೆ ಬಟ್ಟೆ ಹರಿದ ಹಾಗೆ. ತಿರುಗಿದಾಗ ಮೊದಲು ಕಂಡದ್ದು ಹೂವು. ಒಂದೇ ಸಲ ಬಿಳಿ ಮೋಡದ ಹಾಗೆ ಮೇಲೆದ್ದಿತು. ಪಕ್ಕದ ಟಾರ್ಪಾಲಿನವರು “ಕಿರೇಯಿ” ಎಂದರು, ಎಷ್ಟು ಚೆಂದ ಎಂದು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಆಮೇಲೆ ಕೊಂಬೆ ಕಂಡಿತು. ಅದರ ಕೆಳಗೆ, ನಾನು ಕೂರಬೇಕಿದ್ದ ಜಾಗದಲ್ಲಿ, ಪ್ರಮೀಳಕ್ಕನ ಕಾಲು. ನಾನು ಓಡಿದೆನೇ, ನಿಂತೇ ಇದ್ದೆನೇ, ಎಷ್ಟು ಸಲ ನೆನೆದರೂ ಗೊತ್ತಾಗುವುದಿಲ್ಲ. ಅವಳು ಕಿರುಚಲಿಲ್ಲ. ಬಾಯಿಯ ಮೇಲೆ ಕೂತ ಪಕಳೆಗಳನ್ನು ಉಗುಳಲು ನೋಡುತ್ತಿದ್ದಳು. ಆಂಬುಲೆನ್ಸ್ ಹೊರಟ ಮೇಲೆ ಫುಮಿ ಅಜ್ಜಿ ನನ್ನ ತೋಳು ಜಗ್ಗಿ, “ಅವಳ ಮೋಚಿ ಉಳಿದಿದೆಯಲ್ಲ, ಕೊಡು,” ಎಂದಳು. ಕೊಟ್ಟೆ.

ಸೊಂಟ ಮತ್ತು ತೊಡೆಯ ಮೂಳೆ ಮುರಿದಿತ್ತು. ಆಶ್ರಮದ ಪ್ರಕಟಣೆಯಲ್ಲಿ, ನಮ್ಮ ಹಿರಿಯರೆಲ್ಲ ಸುರಕ್ಷಿತ, ವಿದೇಶಿ ಸಿಬ್ಬಂದಿಯೊಬ್ಬರಿಗೆ ಪೆಟ್ಟಾಗಿದೆ ಎಂದಿತ್ತು. ನಮ್ಮಲ್ಲಿ ಹೆದ್ದಾರಿ ಅಗಲ ಮಾಡಲು ಸಾಲುಮರ ಕಡಿದಾಗ ಯಾರೂ ಅಳಲಿಲ್ಲ, ಕಟ್ಟಿಗೆ ಹೊತ್ತು ನಡೆದರು. ಆದರೆ ಮರ ಬಿದ್ದು ಪೆಟ್ಟಾದರೆ, ಯಾರ ಮಗಳು, ಯಾವ ಮನೆ ಎಂದು ಕೇಳಿಯಾರು ಎಂದು ಆಗ ನನಗೆ ನನ್ನ ಊರಿನ ಮೇಲೆ ಭಾರಿ ಅಭಿಮಾನ ಬಂದಿತ್ತು. ವ್ಯವಸ್ಥಾಪಕರು ಪ್ರಮೀಳಕ್ಕನ ಹಾಸಿಗೆಯ ಬಳಿ ಬಂದು ಬಾಗಿದರು. ಮುದುಕರನ್ನು ಎತ್ತಿ ಕೂರಿಸುವುದೇ ನಮ್ಮ ಕೆಲಸ, ಎತ್ತಲಾಗದವರನ್ನು ಇಟ್ಟುಕೊಳ್ಳುವಂತಿಲ್ಲ, ಮುಂದೆ ಎತ್ತುವಂತಾದರೆ ತಿಳಿಸಿ, ಎಂದರು. ಆ ಕೊನೆಯ ಮಾತನ್ನು ಅವರು ಮರ್ಯಾದೆಗೆ ಹೇಳಿದ್ದು. ಪ್ರಮೀಳಕ್ಕ ಅದನ್ನು ಗಂಟು ಕಟ್ಟಿಕೊಂಡು ಊರಿಗೆ ಹೋದಳು.

ಈ ಸಲ ರಜೆಯಲ್ಲಿ ಊರಿಗೆ ಬಂದವಳು ಅವಳನ್ನು ನೋಡಲು ಸಾಲಿಗ್ರಾಮದಲ್ಲಿ ಬಸ್ಸಿಳಿದು, ಅಂಗಡಿಯೊಂದರಲ್ಲಿ ಮನೆಯ ದಾರಿ ಕೇಳಿದೆ.

“ಓ, ಹೂಂಗ್ ಬಿದ್ದ್ ಸೊಂಟ ಮುರ್ಕಂಡ್ಳಲೆ, ಅದಾ?” ಎಂದ ಅಂಗಡಿಯವ. “ಹಂಗಾರೆ ಮಲ್ಲಿಗಿ ಮುಡ್ದ್ರೆ ಕುತ್ತಿಗಿಯೇ ಹೋತ್ತ್ ಅಲ್ದಾ?” ಬೆಂಚಿನಲ್ಲಿದ್ದವರೆಲ್ಲ ನಕ್ಕರು. ದಾರಿಯನ್ನು ಮಾತ್ರ ಚೆನ್ನಾಗಿ ಹೇಳಿದರು.

ಪ್ರಮೀಳಕ್ಕ ಕೋಲು ಹಿಡಿದು ಬಾಗಿಲಿಗೇ ಬಂದಳು. ಚಾ ಮುಗಿಯುವ ಮೊದಲೇ, “ಮಂಚದ್ ಮೇಲ್ ಮನಿಕೊ. ನೀ ಈಗ ಅಜ್ಜಿ,” ಎಂದಳು. ಕೋಲನ್ನು ಗೋಡೆಗೊರಗಿಸಿ, ನನ್ನನ್ನು ಎಬ್ಬಿಸಿ ಮಂಚದ ಅಂಚಿಗೆ ಕೂರಿಸಿ, ಕಂಕುಳಡಿ ಕೈ ಹಾಕಿ, ಅಲ್ಲಿ ಎಣಿಸುವ ಹಾಗೆ “ಇಚಿ, ನಿ, ಸಾನ್” ಎಂದು ಎತ್ತಿದಳು. ನಾನು ಅವಳಿಗೆ ತಿಳಿಯದ ಹಾಗೆ ಪಾದ ಊರಿ ಎದ್ದು ನಿಂತೆ.

“ಎತ್ತಿದ್ಯಲೆ ಅಕ್ಕ,” ಎಂದೆ.

“ಕಾಲ್ ಊರ್ದೆ ನೀ. ಅಜ್ಜಿ ಕಾಲ್ ಊರತ್ತಾ?” ನನ್ನನ್ನು ಮತ್ತೆ ಕೂರಿಸಿದಳು. ಹಣೆಯ ಬೆವರು ಒರೆಸಿಕೊಂಡು ಕೇಳಿದಳು, “ಅಲ್ಲಿ ನನ್ ಜಾಗಕ್ಕೆ ಯಾರ್ ಬಂದಿರ್?”

“ನಮ್ ಬದಿದೇ, ಶಂಕರನಾರಾಯಣದ್ ಒಂದ್ ಹೆಣ್.”

“ಅದ್ಕೆ ಎತ್ತುಕೆ ಕಲ್ಸಿದ್ದ್ ಯಾರ್?”

ನಾನೇ ಕಲಿಸಿದ್ದು. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು. ಬಿಜೂರಿನಲ್ಲಿ ನನ್ನನ್ನು ಎಲ್ಲರೂ ‘ಯಾವಾಗ ಹೊರಡುದ್?’ ಎಂದೇ ಮಾತಾಡಿಸುತ್ತಿದ್ದಾರೆ, ನೆಂಟಳನ್ನು ಕೇಳಿದ ಹಾಗೆ. ಜಪಾನಿನಲ್ಲಿ ನಾನು ವಿದೇಶಿ ಸಿಬ್ಬಂದಿ, ಹೆಸರು ಬೇಡದವಳು. ಆದರೂ ಆ ಕೆಲಸ, ಆ ಕೋಣೆ ನನಗೆ ಬೇಕು. ಅದನ್ನು ಬಿಟ್ಟು ಬರುತ್ತೇನೆ ಎಂಬ ಮಾತು ಆಗಲೂ ನನ್ನ ಬಾಯಿಗೆ ಬರಲಿಲ್ಲ.

“ಇನ್ನೊಂದ್ ಸಲ,” ಎಂದಳು ಪ್ರಮೀಳಕ್ಕ, ಮತ್ತೆ ಕಂಕುಳಡಿ ಕೈ ಹಾಕಿ. “ಕಾಲ್ ಊರ್ಬೇಡ. ನನ್ ಮೇಲ್ ಆಣಿ.”

ನಾನು ಎರಡೂ ಕಾಲನ್ನು ಎತ್ತಿ ಅವಳ ಕೊರಳಿಗೆ ಜೋತುಬಿದ್ದೆ.